ಬಿಳಿ ಬ್ರಿಕ್ ಡಬ್ಬ: ಅಕ್ಷರ ಬರೆಯುವವಳ ಮೂರು ವರ್ಷದ ಬಳಕೆ

ನಾನು ಪುಸ್ತಕಗಳ ಮುಖಪುಟಕ್ಕೆ ಅಕ್ಷರ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಒಂದು ಡಬ್ಬ ಆಟದ ಬ್ರಿಕ್ ಕೊಂಡೆ, ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ತುಂಡುಗಳು, ಎಲ್ಲಾ ಬಿಳಿ. 2005ರಲ್ಲಿ ಓಲಾಫುರ್ ಎಲಿಯಾಸನ್ ಎಂಬ ಕಲಾವಿದರು ಅಲ್ಬೇನಿಯಾದ ರಾಜಧಾನಿ ಟಿರಾನಾ ನಗರದ ಚೌಕದಲ್ಲಿ ಟನ್‌ಗಟ್ಟಲೆ ಬಿಳಿ ಬ್ರಿಕ್ ಇಟ್ಟು, ದಾರಿಹೋಕರಿಗೆ ಊರು ಕಟ್ಟಲು ಬಿಟ್ಟಿದ್ದರು. ಅದರ ಫೋಟೋ ನೋಡಿದ ಮೇಲೆ ಬಿಳಿಯೇ ಬೇಕು ಅನ್ನಿಸಿತ್ತು. ಬಣ್ಣ ಇಲ್ಲದಿದ್ದರೆ ಕಣ್ಣು ಆಕಾರವನ್ನೇ ನೋಡುತ್ತದೆ, ಅಲ್ವಾ?

ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಡಬ್ಬವನ್ನು ದೊಡ್ಡ ತಟ್ಟೆಗೆ ಸುರಿಯುತ್ತೇನೆ. ಆ ಗಲಗಲ ಸದ್ದು ನನಗೆ ಬಹಳ ಇಷ್ಟ. ಕೈಯಾಡಿಸುತ್ತಾ ತೆಳು ಪ್ಲೇಟು ಒಂದು ಕಡೆ, ದಪ್ಪ ಬ್ರಿಕ್ ಒಂದು ಕಡೆ ತಳ್ಳುತ್ತೇನೆ. ಅವುಗಳಿಂದ ದಿನಕ್ಕೆ ಒಂದೇ ಅಕ್ಷರ ಕಟ್ಟುತ್ತೇನೆ.

ಮೊದಮೊದಲು ಹಲಗೆ ಮೇಲೆ ಹರವಿ ಕಟ್ಟುತ್ತಿದ್ದೆ. ನಮ್ಮ ದುಂಡು ಅಕ್ಷರಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದವು, ಒಂದೊಂದು ಮೆಟ್ಟಿಲೂ 8 ಮಿ.ಮೀ. ಒಂದು ದಿನ ಸುಮ್ನೆ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಪಕ್ಕದಿಂದ ನೋಡಿದೆ. ಪ್ಲೇಟಿನ ದಪ್ಪ 3.2 ಮಿ.ಮೀ. ಅಷ್ಟೇ! 'ಅ' ಮೊದಲ ಸಲ ಬಳುಕಿತು. ಇನ್ನೊಂದು ಖುಷಿಯ ಲೆಕ್ಕ: ಐದು ಪ್ಲೇಟು ಪೇರಿಸಿದರೆ 16 ಮಿ.ಮೀ., ತುಂಡಿನ ಮೇಲಿರುವ ಗುಂಡು ಉಬ್ಬುಗಳಲ್ಲಿ ಸರಿಯಾಗಿ ಎರಡು ಉಬ್ಬಿನ ಅಗಲ (ಒಂದಕ್ಕೆ 8 ಮಿ.ಮೀ. ಜಾಗ). ಹಾಗಾಗಿ ಮಲಗಿಸಿದ ತುಂಡೂ ನಿಂತ ತುಂಡಿನ ಪಕ್ಕ ಸಂದಿಲ್ಲದೆ ಕೂರುತ್ತದೆ. ಪೆನ್ನು ಹಿಡಿದರೆ ಕೈ ಅಭ್ಯಾಸಬಲದಿಂದ ತಿರುಗಿಬಿಡುತ್ತದೆ. ಇಲ್ಲಿ ಪ್ರತಿ ತಿರುವಿಗೂ ಎಷ್ಟು ಪ್ಲೇಟು ಎಂದು ಯೋಚಿಸಲೇಬೇಕು. ನನ್ನ 'ಳ' ಸುಧಾರಿಸಿದ್ದು ಹೀಗೆ.

ಆದರೆ ಎರಡನೇ ವರ್ಷ ಬೇಜಾರಾಯಿತು. ಕಿಟಕಿಯ ಹತ್ತಿರ ಇಟ್ಟಿದ್ದ ಅಕ್ಷರಗಳು ಹಳದಿಯಾದವು. ಇದು ಎಬಿಎಸ್ ಪ್ಲಾಸ್ಟಿಕ್, ಬಿಸಿಲಿಗೆ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಒಂದೇ ಡಬ್ಬದ ತುಂಡುಗಳಲ್ಲಿ ಕೆಲವು ಹಳದಿ, ಕೆಲವು ಹಾಗೇ ಬಿಳಿ. ಒಂದೇ ಅಕ್ಷರದಲ್ಲಿ ತೇಪೆ ಹಾಕಿದ ಹಾಗೆ! ಡಬ್ಬದ ಮೇಲೆ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಬಿಸಿಲಿಗಿಟ್ಟೆ. ಬಿಳಿ ಬಂತು, ಕೆಲವು ತಿಂಗಳಲ್ಲಿ ಮತ್ತೆ ಹೋಯಿತು.

ಈಗ ಹಳದಿಯಾದವನ್ನು ಕಣ್ಣಿಗೆ ಬೀಳದ ಒಳಪದರಕ್ಕೆ ಹಾಕುತ್ತೇನೆ. ಹಿಡಿತ ಮಾತ್ರ ಇವತ್ತಿಗೂ ಮೊದಲಿನಷ್ಟೇ ಬಿಗಿ.

ಕೊಳ್ಳುವುದಾದರೆ ಪ್ಲೇಟು ಜಾಸ್ತಿ ಇರುವ ಡಬ್ಬ ನೋಡಿ. ಮುಚ್ಚಳ ಹಾಕಿ, ಕಿಟಕಿಯಿಂದ ದೂರ ಇಡಿ. ನನ್ನ ಎರಡನೇ ಡಬ್ಬ ಹೋದ ವಾರ ಬಂತು. ಈ ಸಲವೂ ಬಿಳಿಯೇ.