ಸೆಟ್‌ಟಾಪ್ ಬಾಕ್ಸಿನ ರೆಕಾರ್ಡಿಂಗ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ

ಸೆಟ್‌ಟಾಪ್ ಬಾಕ್ಸಿಗೆ ಹಾರ್ಡ್ ಡಿಸ್ಕ್ ಜೋಡಿಸಿ ಟಿ.ವಿ. ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಚಂದಾ ಕಟ್ಟುವ ಡಿಟಿಎಚ್ ಬಾಕ್ಸಿನಲ್ಲಿ ಮಾಡಿದ ರೆಕಾರ್ಡಿಂಗ್ ಸಾಮಾನ್ಯವಾಗಿ ಮನೆಯ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಬಾಕ್ಸ್ ಬದಲಾದರೆ ಟಿ.ವಿ.ಯಲ್ಲೂ ಓಡುವುದಿಲ್ಲ. ಓಡಿಸಿಕೊಡುತ್ತೇವೆಂದು ಹಣ ಕೇಳುವವರಿಂದ ಹಣವೂ ಹೋಗುತ್ತದೆ, ಕಂಪ್ಯೂಟರೂ ಕೆಡುತ್ತದೆ. ನಮ್ಮ ಕುಟುಂಬದಲ್ಲಿ ಇವೆಲ್ಲವೂ ಒಂದರ ಹಿಂದೊಂದು ನಡೆದುಹೋದವು.

ನನ್ನ ಸೋದರಮಾವ ಗಮಕಿಗಳು, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಕೇಳಿಸುವವರು. ಬೆಂಗಳೂರಿನ ಹನುಮಂತನಗರದ ಮನೆಯಲ್ಲಿ ಸಂಜೆ ಹೊತ್ತು ಪಾಠ ಹೇಳುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ವಾಹಿನಿಯಲ್ಲಿ ಅವರ ವಾಚನ, ಅವರ ಸ್ನೇಹಿತರೊಬ್ಬರ ವ್ಯಾಖ್ಯಾನ, ಎರಡೂ ಸೇರಿ ಸರಣಿಯಾಗಿ ಪ್ರಸಾರವಾಗಿತ್ತು. ಅತ್ತೆ ಒಂದು ಕಂತನ್ನೂ ಬಿಡದೆ ರೆಕಾರ್ಡ್ ಮಾಡಿದ್ದರು. ಭಾಮಿನಿ ಷಟ್ಪದಿಯನ್ನು ಓದುವಾಗ ಮಾವ ಎಲ್ಲಿ ಪದ ಬಿಡಿಸುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಭಾವ ಬದಲಾದಾಗ ರಾಗವನ್ನು ಹೇಗೆ ಹೊರಳಿಸುತ್ತಾರೆ ಎನ್ನುವುದನ್ನು ಪುಸ್ತಕದಿಂದ ಕಲಿಯಲು ಆಗುವುದಿಲ್ಲ. ಅವರ ಶಿಷ್ಯರಿಗೆ ಆ ಕಂತುಗಳು ಪಠ್ಯದಷ್ಟೇ ಮುಖ್ಯ. ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ಒಂದೇ ಸಾಲನ್ನು ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ಮತ್ತೆ ಕೇಳಬಹುದು ಎಂಬುದು ಎಲ್ಲರ ಆಸೆಯಾಗಿತ್ತು.

ಅಷ್ಟರಲ್ಲಿ ಬಾಕ್ಸ್ ಪದೇ ಪದೇ ತಾನಾಗಿಯೇ ಆರಿಹೋಗಲು ಶುರುವಾಯಿತು. ದೂರು ಕೊಟ್ಟಾಗ ಕಂಪನಿಯವರು ಹೊಸ ಬಾಕ್ಸ್ ಹಿಡಿದು ಒಬ್ಬ ಹುಡುಗನನ್ನು ಕಳುಹಿಸಿದರು. ಅತ್ತೆ ಅವನನ್ನು ನೇರವಾಗಿಯೇ ಕೇಳಿದರು: "ಇದರಲ್ಲಿ ರೆಕಾರ್ಡ್ ಆಗಿರುವುದೆಲ್ಲ ಹೊಸ ಬಾಕ್ಸಿನಲ್ಲಿ ಬರುತ್ತದೇನಪ್ಪಾ?"

"ಬರುತ್ತದೆ ಅಮ್ಮಾ. ಡಿಸ್ಕ್ ನಿಮ್ಮದೇ ಅಲ್ಲವೇ? ಹಾಗೇ ಚುಚ್ಚಿದರೆ ಆಯಿತು" ಎಂದು ಹೇಳಿ, ಹಳೆಯ ಬಾಕ್ಸನ್ನು ಚೀಲಕ್ಕೆ ಹಾಕಿಕೊಂಡು, ಅತ್ತೆಯಿಂದ ಸಹಿ ಮಾಡಿಸಿಕೊಂಡು ಅವನು ಹೊರಟುಹೋದ. ಡಿಸ್ಕ್ ಚುಚ್ಚಿದಾಗ ಹೊಸ ಬಾಕ್ಸ್ ಕೇಳಿದ್ದು ಒಂದೇ ಪ್ರಶ್ನೆ: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ, ಅಂದರೆ ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಸಿದ್ಧಮಾಡಲೇ? ಅತ್ತೆ ಬೇಡವೆಂದು ಒತ್ತಿ ಡಿಸ್ಕನ್ನು ಹೊರಗೆ ತೆಗೆದರು. ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ ಕೂಡ ಅದನ್ನೇ ಕೇಳಿತು. ಕಸ್ಟಮರ್ ಕೇರ್‌ಗೆ ಕರೆ ಮಾಡಿ ಹಳೆಯ ಬಾಕ್ಸನ್ನು ವಾಪಸ್ ಕೊಡಿ ಎಂದು ಕೇಳಿಕೊಂಡೆವು. ಅದು ಗೋದಾಮಿಗೆ ಹೋಗಿದೆ, ಸಿಗುವುದಿಲ್ಲ ಎಂಬ ಉತ್ತರ ಬಂತು. ರೆಕಾರ್ಡಿಂಗ್ ಆ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ ಎಂಬ ಮಾತು ಅವರ ಬಾಯಿಂದ ಬಂದದ್ದು ಆಗ. ಬಾಕ್ಸ್ ಒಯ್ಯುವ ಮೊದಲು ಅದನ್ನು ಹೇಳಬೇಕಾದವನು ಅದಕ್ಕೆ ತದ್ವಿರುದ್ಧವಾದುದನ್ನು ಹೇಳಿ ಹೋಗಿದ್ದ.

ಇದರ ಕಾರಣ ತಿಳಿದಿರಲಿ. ಬಾಕ್ಸ್ ಕಾರ್ಯಕ್ರಮವನ್ನು ಡಿಸ್ಕಿಗೆ ಬರೆಯುವಾಗ ಅದನ್ನು ಗೂಢಲಿಪೀಕರಿಸಿಯೇ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಬೀಗ ಹಾಕಿಯೇ, ಬರೆಯುತ್ತದೆ. ಬಿಡಿಸುವ ಕೀಲಿ ಡಿಸ್ಕಿನಲ್ಲಿ ಇರುವುದಿಲ್ಲ, ಆ ಬಾಕ್ಸಿನ ಚಿಪ್‌ನಲ್ಲಿ ಇರುತ್ತದೆ. ಕೆಲವು ಬಾಕ್ಸ್‌ಗಳಲ್ಲಿ ಚಂದಾ ಚಾಲ್ತಿಯಲ್ಲಿ ಇರಬೇಕೆಂಬ ಷರತ್ತೂ ಸೇರಿಕೊಳ್ಳುತ್ತದೆ. ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಬಾಕ್ಸ್ ತಂದರೂ ಅದರ ಕೀಲಿಯೇ ಬೇರೆ. ಡಿಸ್ಕನ್ನು ವಿಂಡೋಸ್ ಗುರುತಿಸದಿರುವುದು ಬೇರೆಯ ತೊಡಕು. ಇಂಥ ಬಾಕ್ಸ್‌ಗಳು ಹೆಚ್ಚಾಗಿ ಲಿನಕ್ಸ್ (ವಿಂಡೋಸಿನಂತೆಯೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ) ಮಾದರಿಯಲ್ಲಿ ಡಿಸ್ಕನ್ನು ಸಿದ್ಧಮಾಡಿಕೊಳ್ಳುತ್ತವೆ. ವಿಂಡೋಸಿಗೆ ಅದು ಓದಲು ಬಾರದ್ದರಿಂದ ಖಾಲಿ ಮಾಡಲೇ ಎಂದು ಕೇಳುತ್ತದೆ. ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಿದರೆ ಫೈಲುಗಳು ಕಾಣಿಸಬಹುದು, ಅವುಗಳ ಗಾತ್ರವೂ ಸರಿಯಾಗಿಯೇ ಇರಬಹುದು. ಆದರೆ ಕೀಲಿಯಿಲ್ಲದೆ ಒಳಗಿನ ಚಿತ್ರವೂ ದನಿಯೂ ಹೊರಬರುವುದಿಲ್ಲ.

ಫೈಲು ಕಾಣಿಸುವುದಕ್ಕೂ ಫೈಲು ಓಡುವುದಕ್ಕೂ ನಡುವೆ ಇರುವ ಈ ಅಂತರವನ್ನೇ ಬಂಡವಾಳ ಮಾಡಿಕೊಂಡವರು ಇದ್ದಾರೆ. ಕಂಪ್ಯೂಟರ್ ಅಂಗಡಿಗಳಿಗೆ ಹೆಸರಾದ ಎಸ್.ಪಿ. ರಸ್ತೆಯ ಆಸುಪಾಸಿನ ಒಂದು ಅಂಗಡಿಗೆ ಮಾವನ ಮಗ ಡಿಸ್ಕ್ ಒಯ್ದ. ಆ ರಸ್ತೆಯಲ್ಲಿ ಪ್ರಾಮಾಣಿಕವಾಗಿ ರಿಪೇರಿ ಮಾಡುವವರು ಎಷ್ಟೋ ಮಂದಿ ಇದ್ದಾರೆ, ನನ್ನ ಹಳೆಯ ಲ್ಯಾಪ್‌ಟಾಪ್ ಇಂದಿಗೂ ಬದುಕಿರುವುದು ಅವರಲ್ಲೊಬ್ಬರಿಂದ. ಆದರೆ ಈ ಅಂಗಡಿಯವನು ಡಿಸ್ಕ್ ಯಾವ ಬಾಕ್ಸಿನದೆಂದು ಕೇಳಿ ತಿಳಿದುಕೊಂಡ ಮೇಲೂ, "ಡೇಟಾ ರಿಕವರಿ ಮಾಡಿದರೆ ಎಲ್ಲ ಬರುತ್ತದೆ ಸರ್" ಎಂದು ಮುಂಗಡವಾಗಿಯೇ ಪೂರ್ತಿ ಶುಲ್ಕ ತೆಗೆದುಕೊಂಡ. ಅಳಿಸಿಹೋದ ಫೈಲನ್ನು ಮರಳಿ ಪಡೆಯುವ ಕೆಲಸವೇ ಬೇರೆ, ಗೂಢಲಿಪಿಯನ್ನು ಬಿಡಿಸುವ ಕೆಲಸವೇ ಬೇರೆ. ನಮ್ಮ ಡಿಸ್ಕಿನಲ್ಲಿ ಏನೂ ಅಳಿಸಿಹೋಗಿರಲಿಲ್ಲ. ಮರಳಿ ಪಡೆಯಲು ಅಲ್ಲಿ ಏನೂ ಇರಲಿಲ್ಲ!

ಇನ್ನೊಂದು ಡಿಸ್ಕಿಗೆ ಅವೇ ಫೈಲುಗಳನ್ನು ಪ್ರತಿ ಮಾಡಿ ಕೊಟ್ಟ. ಒಂದೂ ಓಡಲಿಲ್ಲ. ಆಗ ಅವನು ಹೂಡಿದ ವಾದವನ್ನು ಕೇಳಿ. ನಮ್ಮ ಮನೆಯಲ್ಲಿ ಕಂಪ್ಯೂಟರಿನಲ್ಲೇ ಟಿ.ವಿ. ಹಿಡಿಯಲು ಹಾಕುತ್ತಿದ್ದ ಟ್ಯೂನರ್ ಕಾರ್ಡಿನಿಂದ ಬಹಳ ಹಿಂದೆ ಮಾಡಿದ ರೆಕಾರ್ಡಿಂಗ್‌ಗಳೂ ಇವೆ, ಅವು ಈಗಲೂ ಚೆನ್ನಾಗಿ ಓಡುತ್ತವೆ ಎಂದು ಮಾವನ ಮಗ ಹೇಳಿದ್ದ. "ಅವು ಓಡುತ್ತವೆ ಎಂದಮೇಲೆ ಇವೂ ಓಡಲೇಬೇಕು, ನಿಮ್ಮಲ್ಲಿ ಕೋಡೆಕ್ ಇಲ್ಲ ಅಷ್ಟೇ" ಎಂದ. ಕೇಳಲು ಸರಿಯೆನಿಸುವ ಮಾತು, ಆದರೆ ಶುದ್ಧ ಸುಳ್ಳು. ಆ ಕಾಲದಲ್ಲಿ ಕೇಬಲ್ ತಂತಿಯಲ್ಲಿ ಬರುತ್ತಿದ್ದದ್ದು ಬೀಗವಿಲ್ಲದ ಅನಲಾಗ್ ಸಂಕೇತ. ಟ್ಯೂನರ್ ಕಾರ್ಡ್ ಅದನ್ನು ನೇರವಾಗಿ ಹಿಡಿದು ಎಂಪೆಗ್ ಎಂಬ ಸಾಮಾನ್ಯ ವಿಡಿಯೊ ಫೈಲಾಗಿ ಉಳಿಸುತ್ತಿತ್ತು. ಕೇಬಲ್ ವಾಹಿನಿಗಳೆಲ್ಲ ಬೀಗ ಹಾಕಿದ ಡಿಜಿಟಲ್ ರೂಪದಲ್ಲಿ ಸೆಟ್‌ಟಾಪ್ ಬಾಕ್ಸಿನ ಮೂಲಕವೇ ಬರಬೇಕೆಂಬ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿದಂತೆ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು ಬಂದಮೇಲೆ ಆ ದಾರಿ ಮುಚ್ಚಿಹೋಯಿತು. ಹಳೆಯ ಫೈಲು ಓಡುತ್ತದೆ ಎನ್ನುವುದು ಹೊಸ ಫೈಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೋಡೆಕ್ ಎಂದರೆ ವಿಡಿಯೊವನ್ನು ಕುಗ್ಗಿಸುವ, ಮತ್ತೆ ಹಿಗ್ಗಿಸುವ ವಿಧಾನ. ಅದು ಬೀಗದ ಕೀಲಿಯಲ್ಲ. ಕೋಡೆಕ್ ಇಲ್ಲ ಎಂದು ಹೇಳಿ ದುಷ್ಟ ತಂತ್ರಾಂಶವನ್ನು ಕಂಪ್ಯೂಟರಿಗೆ ತುರುಕುವುದು ಹತ್ತಾರು ವರ್ಷಗಳಿಂದ ನಡೆದುಬಂದ ಮೋಸ. ಅಂಗಡಿಯವನು ಇನ್ನಷ್ಟು ಹಣ ಪಡೆದು, ತನ್ನ ಕೆಲಸದವನನ್ನು ಪೆನ್ ಡ್ರೈವ್ ಕೊಟ್ಟು ಮನೆಗೆ ಕಳುಹಿಸಿದ. "ಕನ್ವರ್ಟರ್" ಎಂಬ ಹೆಸರಿನ ಏನನ್ನೋ ಅವನು ಹಾಕಿದ. ಹಾಕುವ ಮೊದಲು ಆಂಟಿವೈರಸನ್ನು ಆಫ್ ಮಾಡಿದ. ಯಾಕೆಂದು ಮಾವ ಕೇಳಿದರೆ, "ಇದು ಶಕ್ತಿಶಾಲಿ ಸಾಫ್ಟ್‌ವೇರ್, ಆಂಟಿವೈರಸ್ ಇದನ್ನು ತಪ್ಪು ತಿಳಿಯುತ್ತದೆ" ಎಂದನಂತೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತು ಹೇಳಿದರೆ ಅಲ್ಲಿಗೇ ನಿಲ್ಲಿಸಿ, ಪೆನ್ ಡ್ರೈವ್ ತೆಗೆಸಿ, ಬಾಗಿಲು ತೋರಿಸಿ.

ಕಂತುಗಳು ಓಡಲಿಲ್ಲ. ಬ್ರೌಸರಿನ ಮುಖಪುಟ ಬದಲಾಯಿತು, ಹುಡುಕಿದ್ದೆಲ್ಲ ಯಾವುದೋ ಜಾಲತಾಣಕ್ಕೆ ಹೋಗತೊಡಗಿತು. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈ ಸಂಖ್ಯೆಗೆ ಕರೆ ಮಾಡಿ ಎಂಬ ಕೆಂಪು ಪರದೆ ತೆರೆಯಿತು. ಅಂಥ ಸಂಖ್ಯೆಗೆ ಕರೆ ಮಾಡಿದರೆ ದೂರದಿಂದ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಆ್ಯಪ್ ಹಾಕಿಸಿ, ಬ್ಯಾಂಕ್ ಖಾತೆಗೇ ಕೈಹಾಕುತ್ತಾರೆ. ಮಾವ ಕರೆ ಮಾಡದೆ ನನಗೆ ಫೋನ್ ಮಾಡಿದರು, ಅಷ್ಟು ಒಳ್ಳೆಯದಾಯಿತು. ನೆಟ್ ಸಂಪರ್ಕ ತೆಗೆಸಿ, ಬ್ಯಾಂಕಿನ ಹಾಗೂ ಇಮೇಲಿನ ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ, ಆಮೇಲೆ ವಿಂಡೋಸನ್ನು ಪೂರ್ತಿ ಹೊಸದಾಗಿ ಹಾಕಬೇಕಾಯಿತು. ಇಂಥ ಸಂದರ್ಭದಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಎಲ್ಲ ರೆಕಾರ್ಡಿಂಗ್‌ಗಳ ಪಾಡೂ ಇದೇ ಅಲ್ಲ. ದೂರದರ್ಶನದ ಚಂದಾ ಇಲ್ಲದ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ನ ಬೀಗವಿಲ್ಲದ ಉಚಿತ ವಾಹಿನಿಗಳನ್ನು ಹಿಡಿಯುವ ಸಾಮಾನ್ಯ ಎಂಪೆಗ್-2 ಬಾಕ್ಸ್‌ಗಳಲ್ಲಿ ಹಲವು ಪೆನ್ ಡ್ರೈವಿಗೆ ನೇರವಾಗಿಯೇ ಬರೆಯುತ್ತವೆ. ಫೈಲಿನ ಹೆಸರಿನ ಕೊನೆಯಲ್ಲಿ ಟಿಎಸ್ ಎಂಬಂಥ ಅಕ್ಷರಗಳಿರುತ್ತವೆ. ಅವುಗಳಿಗೆ ವಿಎಲ್‌ಸಿ ಎಂಬ ವಿಡಿಯೊ ಓಡಿಸುವ ತಂತ್ರಾಂಶ ಸಾಕು. ಅದು ಉಚಿತ, ಮತ್ತು ಬೇಕಾದ ಕೋಡೆಕ್ ಅದರೊಳಗೇ ಇದೆ. ಅದನ್ನು ತಯಾರಿಸುವ ವಿಡಿಯೊಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ, ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನಿಂದ ಬೇಡ. ಉದ್ದದ ಕಾರ್ಯಕ್ರಮ ತುಂಡುತುಂಡಾಗಿ ಬಂದಿದ್ದರೆ ಗಾಬರಿ ಬೇಡ, ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವಿನಲ್ಲಿ ಒಂದು ಫೈಲು 4 ಜಿಬಿ ಮೀರಲು ಆಗುವುದಿಲ್ಲ. ಸೆಕೆಂಡಿಗೆ 4 ಮೆಗಾಬಿಟ್‌ನ ಪ್ರಸಾರವಾದರೆ ಗಂಟೆಗೆ ಸುಮಾರು 1.8 ಜಿಬಿ ತುಂಬುತ್ತದೆ, ಅಂದರೆ ಎರಡು ಗಂಟೆ ದಾಟಿದ ಸ್ವಲ್ಪದರಲ್ಲೇ ಒಂದು ಫೈಲು ಮುಗಿಯುತ್ತದೆ. ಕೈ, ತಲೆ ಅಲುಗಾಡಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಕಂಡರೆ ಫೈಲು ಕೆಟ್ಟಿಲ್ಲ. ನಮ್ಮ ಸಾಮಾನ್ಯ ಗುಣಮಟ್ಟದ ಪ್ರಸಾರದಲ್ಲಿ ಚಿತ್ರದ ಪ್ರತಿ ಚೌಕಟ್ಟೂ (ಫ್ರೇಮ್) ಎರಡು ಅರ್ಧಗಳಾಗಿ ಬರುತ್ತದೆ. ವಿಎಲ್‌ಸಿಯ ವಿಡಿಯೊ ಪಟ್ಟಿಯಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿದರೆ ಗೆರೆಗಳು ಹೋಗುತ್ತವೆ.

ಚಂದಾ ಬಾಕ್ಸಿನವರಿಗೆ ನನ್ನ ಕಳಕಳಿಯ ಮಾತು ಇಷ್ಟೇ: ಬಾಕ್ಸ್ ಇನ್ನೂ ಉಸಿರಾಡುತ್ತಿರುವಾಗಲೇ ಬೇಕಾದದ್ದನ್ನು ಹೊರತೆಗೆದುಕೊಳ್ಳಿ. ಬಾಕ್ಸಿನ ಹಿಂದೆ ಹಳದಿ, ಕೆಂಪು, ಬಿಳಿ ಎ.ವಿ. ತೂತುಗಳಿದ್ದರೆ, ಅಲ್ಲಿಂದ ಒಂದು ಯುಎಸ್‌ಬಿ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರಿಗೆ ತಂತಿ ಎಳೆದು, ಕಂತನ್ನು ಟಿ.ವಿ.ಯಲ್ಲಿ ಓಡಿಸುತ್ತಲೇ ಸೆರೆಹಿಡಿಯುವುದು ಒಂದು ದಾರಿ. ಗಂಟೆಯ ಕಾರ್ಯಕ್ರಮಕ್ಕೆ ಗಂಟೆಯೇ ಬೇಕು, ಚಿತ್ರ ಸ್ವಲ್ಪ ಮಂಕಾಗುತ್ತದೆ, ಕೆಲವು ಕಾರ್ಯಕ್ರಮಗಳಲ್ಲಿ ಪ್ರತಿ ತೆಗೆಯದಂತೆ ತಡೆಯೂ ಇರಬಹುದು. ಎಚ್‌ಡಿಎಂಐ ತಂತಿಯಲ್ಲಂತೂ ಸಾಮಾನ್ಯವಾಗಿ ಇಂಥ ರಕ್ಷಣೆ ಇರುತ್ತದೆ. ಬೀಗ ಮುರಿದುಕೊಡುತ್ತೇವೆ ಎನ್ನುವವರ ಹಿಂದೆ ಹೋಗಬೇಡಿ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಮನೆ ಬದಲಿಸುವವರು, ಹೊಸ ಅಪಾರ್ಟ್‌ಮೆಂಟಿನಲ್ಲಿ ಡಿಶ್ ಹಾಕಲು ಬಿಡುವುದಿಲ್ಲವೆಂದು ಕಂಪನಿ ಬದಲಿಸುವವರು, ಹಳೆಯ ಸಂಪರ್ಕವನ್ನು ಕಡಿಯುವ ಮುನ್ನವೇ ಈ ಕೆಲಸ ಮುಗಿಸಿಕೊಳ್ಳಿ.

ಅಂಗಡಿಯವನ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿದೆವು. ಬಿಲ್ ಕೊಟ್ಟಿರಲಿಲ್ಲ, ಆದರೆ ಯುಪಿಐ ಪಾವತಿಯ ದಾಖಲೆಯೂ ವಾಟ್ಸ್‌ಆ್ಯಪ್‌ನಲ್ಲಿ ಅವನೇ ಕಳುಹಿಸಿದ "ನೂರಕ್ಕೆ ನೂರು ಬರುತ್ತದೆ" ಎಂಬ ಸಂದೇಶವೂ ಇದ್ದವು. ಕನ್ವರ್ಟರಿನ ಹಣ ಹಿಂದಿರುಗಿಸಿದ್ದಾನೆ. ರಿಕವರಿ ಶುಲ್ಕ ಕೊಡಲು ಒಪ್ಪಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಇರುವುದರಿಂದ ಅದನ್ನೂ ಬಿಡುವುದಿಲ್ಲ.

ಮಾವ ಈಗ ಆ ವಾಹಿನಿಗೆ ಪತ್ರ ಬರೆದು ಕಂತುಗಳ ಪ್ರತಿ ಕೇಳಿದ್ದಾರೆ. ವಾಹಿನಿಯವರು ಮೊದಲು ಕೇಳಿದ್ದು ಪ್ರಸಾರದ ದಿನಾಂಕ ಮತ್ತು ಸಮಯ. ಆ ಪಟ್ಟಿಯೂ ಹಳೆಯ ಬಾಕ್ಸಿನ ಪರದೆಯ ಮೇಲೆಯೇ ಇತ್ತು. ಅತ್ತೆ ತಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದ ಕೆಲವು ದಿನಗಳಷ್ಟೇ ಸಿಕ್ಕಿವೆ. ನಿಮ್ಮ ಬಾಕ್ಸ್ ಒಯ್ಯಲು ಯಾರಾದರೂ ಬರುವವರಿದ್ದರೆ, ರೆಕಾರ್ಡಿಂಗ್ ಪಟ್ಟಿಯ ಪ್ರತಿಯೊಂದು ಪುಟದ ಫೋಟೊವನ್ನು ಮೊಬೈಲಿನಲ್ಲಿ ಇಂದೇ ತೆಗೆದಿಟ್ಟುಕೊಳ್ಳಿ.