ಎರಡು ಫೋನು, ಎರಡು ಕೋಣೆ: ಒಟಿಟಿಯಲ್ಲಿ ಸಿಕ್ಕ ನಾಲ್ಕು ಸಣ್ಣ ಚಿತ್ರಗಳು

ಒಟಿಟಿ ತೆರೆದ ಕೂಡಲೇ ಎದುರಾಗುವ ಚಿತ್ರಗಳನ್ನು ದಾಟಿ, ಕೆಳಗಿನ ಸಾಲುಗಳಲ್ಲಿ ಯಾರೂ ಹೆಚ್ಚು ಮಾತನಾಡದೆ ಉಳಿದಿರುವ ಚಿತ್ರಗಳನ್ನು ಹುಡುಕಿ ನೋಡುವುದು ನನಗೆ ಕೆಲವು ವರ್ಷಗಳಿಂದ ಅಭ್ಯಾಸವಾಗಿದೆ. ಈ ಹುಡುಕಾಟಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಸರಳವಾದದ್ದು: ಚಿತ್ರದ ಅವಧಿ ಒಂದೂವರೆ ಗಂಟೆಯನ್ನು ಮೀರಬಾರದು ಮತ್ತು ಕತೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಡೆಯಬೇಕು. ಹಣವೂ ಜಾಗವೂ ಕಡಿಮೆಯಿದ್ದಾಗ ನಿರ್ದೇಶಕನ ಬಳಿ ಉಳಿಯುವುದು ಬರವಣಿಗೆ, ನಟರ ಮುಖ ಮತ್ತು ಅವರ ದನಿ ಮಾತ್ರವಾದ್ದರಿಂದ, ಕಸುಬು ಗಟ್ಟಿಯಾಗಿದೆಯೇ ಇಲ್ಲವೇ ಎಂಬುದು ಮೊದಲ ಇಪ್ಪತ್ತು ನಿಮಿಷಗಳಲ್ಲೇ ತಿಳಿದುಬಿಡುತ್ತದೆ. ಹಾಗೆ ಸಿಕ್ಕ ನಾಲ್ಕು ಚಿತ್ರಗಳನ್ನು ಈಚೆಗೆ ಎರಡೆರಡು ಸಲ ನೋಡಿದೆ. ಎರಡರಲ್ಲಿ ಒಬ್ಬ ಮನುಷ್ಯ ಮತ್ತು ಅವನ ಫೋನು. ಇನ್ನೆರಡರಲ್ಲಿ ಒಂದು ಮನೆ ಮತ್ತು ಅಲ್ಲಿ ಕಲೆತ ಸ್ನೇಹಿತರು. ಕತೆಯ ತಿರುವುಗಳನ್ನು ಬಿಟ್ಟುಕೊಡದೆ ಅವುಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ.

ಮೊದಲನೆಯದು ಡೆನ್ಮಾರ್ಕಿನ ‘ದಿ ಗಿಲ್ಟಿ’ (2018). ಗುಸ್ತಾವ್ ಮೊಲ್ಲರ್ ನಿರ್ದೇಶಿಸಿದ ಮೊದಲ ಪೂರ್ಣಾವಧಿ ಚಿತ್ರವಿದು. ಅವಧಿ 85 ನಿಮಿಷ. ಆಸ್ಗರ್ ಎಂಬ ಪೊಲೀಸ್ ಅಧಿಕಾರಿಯನ್ನು (ನಟ ಯಾಕೋಬ್ ಸೆಡರ್‌ಗ್ರೆನ್) ಹೊರಗಿನ ಕರ್ತವ್ಯದಿಂದ ತೆಗೆದು ತುರ್ತು ಕರೆಗಳಿಗೆ ಉತ್ತರಿಸುವ ಕೋಣೆಯಲ್ಲಿ ಕೂರಿಸಲಾಗಿದೆ. ಮರುದಿನ ಅವನ ಮೇಲಿನ ಪ್ರಕರಣದ ವಿಚಾರಣೆಯಿದೆ. ಆ ರಾತ್ರಿ ಒಬ್ಬ ಹೆಂಗಸಿನ ಕರೆ ಬರುತ್ತದೆ. ಅವಳು ತನ್ನ ಮಗುವಿನೊಡನೆ ಮಾತನಾಡುವವಳಂತೆ ಮಾತನಾಡುತ್ತಾಳೆ. ತನ್ನನ್ನು ಯಾರೋ ಕಾರಿನಲ್ಲಿ ಎಳೆದೊಯ್ಯುತ್ತಿದ್ದಾರೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಾರಳೆಂದು ಅರಿತ ಆಸ್ಗರ್, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾ ಹೋಗುತ್ತಾನೆ. ಕ್ಯಾಮೆರಾ ಆ ಕಚೇರಿಯನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ.

ಈ ಚಿತ್ರವನ್ನು ನಾನು ಮೊದಲು ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಆರಂಭಿಸಿದ್ದೆ. ಹದಿನೈದು ನಿಮಿಷ ಕಳೆದರೂ ಮನಸ್ಸು ಹತ್ತದಿದ್ದಾಗ ನಿಲ್ಲಿಸಿ, ಡೇನಿಷ್ ಧ್ವನಿಗೆ ಸಬ್‌ಟೈಟಲ್ ಹಾಕಿಕೊಂಡು, ಹೆಡ್‌ಫೋನ್ ಧರಿಸಿ ಮತ್ತೆ ಮೊದಲಿನಿಂದ ನೋಡಿದೆ. ವ್ಯತ್ಯಾಸ ಅಗಾಧವಾಗಿತ್ತು. ಡಬ್ಬಿಂಗ್‌ನಲ್ಲಿ ಮಾತು ಅರ್ಥವಾಗುತ್ತಿತ್ತೇ ಹೊರತು ಮಾತಿನ ನಡುವಿನ ಉಸಿರು, ತಡವರಿಕೆ, ಉತ್ತರ ಕೊಡುವ ಮುಂಚಿನ ಅರೆಕ್ಷಣದ ಮೌನ ಇವೆಲ್ಲ ಸವೆದುಹೋಗಿದ್ದವು. ಈ ಚಿತ್ರದ ಕತೆ ಇರುವುದೇ ಆ ಉಸಿರಿನಲ್ಲಿ. ಎರಡನೆಯ ಸಲ ನೋಡಿದಾಗ ಇದು ಇನ್ನೂ ಸ್ಪಷ್ಟವಾಯಿತು; ಮೊದಲ ಸಲ ಕೇಳಿದ ಅದೇ ದನಿಗಳು, ಅದೇ ಮಾತುಗಳು, ಆದರೆ ನನಗೆ ತಿಳಿಯುತ್ತಿದ್ದ ಅರ್ಥ ಪೂರ್ತಿ ಬೇರೆಯಾಗಿತ್ತು. ನಿರ್ದೇಶಕ ಎಲ್ಲಿಯೂ ಸುಳ್ಳು ಹೇಳಿರಲಿಲ್ಲ. ಆಸ್ಗರ್ ಮಾಡಿದ ಊಹೆಯನ್ನೇ ನಾನೂ ಮಾಡಿದ್ದೆ, ಅಷ್ಟೆ.

ಇದೇ ಕತೆಯನ್ನು 2021ರಲ್ಲಿ ಅಮೆರಿಕದಲ್ಲಿ ಜೇಕ್ ಜಿಲೆನ್‌ಹಾಲ್ ನಾಯಕನಾಗಿ ಮತ್ತೆ ಚಿತ್ರೀಕರಿಸಲಾಗಿದ್ದು, ಹುಡುಕಿದವರಿಗೆ ಬಹುತೇಕ ಇದೇ ಮೊದಲು ಸಿಗುತ್ತದೆ. ಅಲ್ಲಿ ಲಾಸ್ ಏಂಜಲಿಸ್‌ನ ಕಾಳ್ಗಿಚ್ಚನ್ನು ಹಿನ್ನೆಲೆಯಾಗಿ ಸೇರಿಸಿ, ಬೆಂಕಿಯ ದೃಶ್ಯಗಳನ್ನು ಕಚೇರಿಯ ದೊಡ್ಡ ಪರದೆಗಳ ಮೇಲೆ ತೋರಿಸಿದ್ದಾರೆ. ನಾಯಕನ ನಟನೆಯಲ್ಲಿ ಶ್ರಮವಿದೆ. ಆದರೆ ಕಣ್ಣಿಗೆ ಇಷ್ಟೆಲ್ಲ ಕೊಟ್ಟ ಮೇಲೆ ಕಿವಿ ಸಡಿಲವಾಗುತ್ತದೆ ಎಂಬುದು ನನ್ನ ಅನುಭವ. ಎರಡೂ ಲಭ್ಯವಿದ್ದರೆ ಡೇನಿಷ್ ಚಿತ್ರವನ್ನೇ ಮೊದಲು ನೋಡಬೇಕೆಂದು ಬಲವಾಗಿ ಹೇಳುತ್ತೇನೆ.

‘ದಿ ಗಿಲ್ಟಿ’ಗೆ ನಿಜವಾದ ಎದುರಾಳಿಯೆಂದರೆ ಸ್ಟೀವನ್ ನೈಟ್ ಬರೆದು ನಿರ್ದೇಶಿಸಿದ ‘ಲಾಕ್’ (2013). ಇದರ ಅವಧಿಯೂ 85 ನಿಮಿಷವೇ. ಕಟ್ಟಡ ಕಾಮಗಾರಿಯ ಮೇಲ್ವಿಚಾರಕ ಐವನ್ ಲಾಕ್, ಮರುದಿನ ಬೆಳಗ್ಗೆ ತನ್ನ ವೃತ್ತಿಜೀವನದ ಅತಿ ದೊಡ್ಡ ಕಾಂಕ್ರೀಟ್ ಕೆಲಸ ಇರುವಾಗಲೇ, ಬರ್ಮಿಂಗ್‌ಹ್ಯಾಮ್‌ನಿಂದ ಲಂಡನ್ನಿನ ಕಡೆಗೆ ಕಾರು ಓಡಿಸಿಕೊಂಡು ಹೊರಡುತ್ತಾನೆ. ಪರದೆಯ ಮೇಲೆ ಕಾಣುವ ನಟ ಟಾಮ್ ಹಾರ್ಡಿ ಒಬ್ಬನೇ. ಒಲಿವಿಯಾ ಕೋಲ್ಮನ್, ರೂತ್ ವಿಲ್ಸನ್, ಆಂಡ್ರ್ಯೂ ಸ್ಕಾಟ್ ಮೊದಲಾದವರು ಕಾರಿನ ಸ್ಪೀಕರಿನ ದನಿಗಳಾಗಿ ಮಾತ್ರ ಬರುತ್ತಾರೆ. ಹೆಂಡತಿಗೊಂದು ಸತ್ಯ ಹೇಳಬೇಕು, ಮಕ್ಕಳೊಡನೆ ಫುಟ್‌ಬಾಲ್ ಪಂದ್ಯದ ಮಾತಾಡಬೇಕು, ಸಹಾಯಕನಿಗೆ ಕಾಂಕ್ರೀಟಿನ ತಪಾಸಣೆ ಮತ್ತು ರಸ್ತೆ ಮುಚ್ಚುವ ಏರ್ಪಾಡನ್ನು ಹಂತ ಹಂತವಾಗಿ ವಿವರಿಸಬೇಕು. ಸಂಸಾರ ಕುಸಿಯುತ್ತಿರುವಾಗಲೂ ಅವನು ಕಾಂಕ್ರೀಟಿನ ಬಗ್ಗೆ ಆಡುವ ಮಾತಿನ ಕಾಳಜಿ ಕಡಿಮೆಯಾಗುವುದಿಲ್ಲ. ಒಬ್ಬ ಮನುಷ್ಯನ ಕಸುಬಿನ ನಿಷ್ಠೆಯನ್ನು ಇಷ್ಟು ಗೌರವದಿಂದ ತೋರಿಸಿದ ಚಿತ್ರಗಳನ್ನು ನಾನು ನೋಡಿರುವುದು ಬಹಳ ಕಡಿಮೆ.

ಚಿತ್ರೀಕರಣ ನಡೆದದ್ದು ಕೇವಲ ಎಂಟು ರಾತ್ರಿ. ಇತರ ನಟರು ಹೋಟೆಲೊಂದರಲ್ಲಿ ಕುಳಿತು ನಿಜವಾಗಿಯೇ ಕರೆ ಮಾಡುತ್ತಿದ್ದರು. ಆಗ ಹಾರ್ಡಿಗೆ ನೆಗಡಿಯಾಗಿದ್ದು, ಅದನ್ನೇ ಪಾತ್ರಕ್ಕೆ ಸೇರಿಸಿಕೊಂಡರು. ಮೂಗೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮತ್ತೆ ಅದೇ ತಗ್ಗಿದ ದನಿಯಲ್ಲಿ ಮಾತು ಮುಂದುವರಿಸುವ ಆ ಕ್ಷಣಗಳು ಯಾವ ಸಂಭಾಷಣೆಗಿಂತಲೂ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದಿವೆ. ದುರ್ಬಲವಾದದ್ದು ಒಂದೇ: ಕರೆಗಳ ನಡುವೆ ಅವನು ಹಿಂದಿನ ಖಾಲಿ ಸೀಟಿನಲ್ಲಿ ಸತ್ತ ತಂದೆ ಕುಳಿತಿದ್ದಾನೆಂಬಂತೆ ಕನ್ನಡಿ ನೋಡಿ ಆಡುವ ಮಾತುಗಳು. ಅವನ ನಡತೆಯಿಂದಲೇ ನಮಗೆ ತಿಳಿದಿರುವುದನ್ನು ಅಲ್ಲಿ ಬಿಡಿಸಿ ಹೇಳಲಾಗುತ್ತದೆ. ಎರಡನೆಯ ಸಲ ನೋಡುವಾಗ ಆ ಭಾಗಗಳು ಉದ್ದವೆನಿಸಿದವು. ‘ದಿ ಗಿಲ್ಟಿ’ಯಲ್ಲಿ ಅಂಥ ವಿವರಣೆ ಇಲ್ಲವೆಂದೇ ನಾನು ಅದನ್ನು ಒಂದು ಮೆಟ್ಟಿಲು ಮೇಲಿಡುತ್ತೇನೆ.

ಮನೆಯೊಳಗಿನ ಎರಡು ಚಿತ್ರಗಳ ಪೈಕಿ ‘ಕೊಹಿರೆನ್ಸ್’ (2013) ಬಗ್ಗೆ ಹೆಚ್ಚು ಹೇಳುವುದಿಲ್ಲ. ಧೂಮಕೇತು ಹಾದುಹೋಗುವ ರಾತ್ರಿ ಎಂಟು ಸ್ನೇಹಿತರು ಊಟಕ್ಕೆ ಸೇರುತ್ತಾರೆ, ಕರೆಂಟ್ ಹೋಗುತ್ತದೆ, ದೂರದ ಒಂದೇ ಒಂದು ಮನೆಯಲ್ಲಿ ಮಾತ್ರ ದೀಪ ಕಾಣುತ್ತದೆ. ನಿರ್ದೇಶಕ ಜೇಮ್ಸ್ ವಾರ್ಡ್ ಬರ್ಕಿಟ್ ತನ್ನ ಮನೆಯಲ್ಲೇ ಐದು ರಾತ್ರಿಗಳಲ್ಲಿ ಚಿತ್ರೀಕರಿಸಿ, ನಟರಿಗೆ ಪೂರ್ತಿ ಚಿತ್ರಕತೆ ಕೊಡದೆ ಅವರವರಿಗೆ ಬೇಕಾದಷ್ಟು ಟಿಪ್ಪಣಿಯನ್ನು ಮಾತ್ರ ಕೊಡುತ್ತಿದ್ದನಂತೆ. ಆದ್ದರಿಂದಲೇ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವ ಆ ಗೊಂದಲ ನಿಜವೆನಿಸುತ್ತದೆ. ಮೊದಲ ನೋಟಕ್ಕೆ ಇದು ನಾಲ್ಕರಲ್ಲೂ ಹೆಚ್ಚು ಹೆದರಿಸಿದ ಚಿತ್ರ. ಎರಡನೆಯ ಸಲ ಮಾತ್ರ ನಾನು ಯಾವ ಬಣ್ಣದ ಬೆಳಕಿನ ಕಡ್ಡಿ (ಗ್ಲೋ ಸ್ಟಿಕ್) ಯಾರ ಕೈಯಲ್ಲಿದೆ ಎಂದು ಎಣಿಸುತ್ತಾ ಕುಳಿತೆ. ಪಾತ್ರಗಳ ಸುಖದುಃಖ ನನ್ನನ್ನು ತಟ್ಟಲಿಲ್ಲ.

‘ದಿ ಮ್ಯಾನ್ ಫ್ರಮ್ ಅರ್ಥ್’ (2007) ಇದಕ್ಕೆ ತದ್ವಿರುದ್ಧ. ಊರು ಬಿಟ್ಟು ಹೊರಟ ಪ್ರಾಧ್ಯಾಪಕನನ್ನು ಬೀಳ್ಕೊಡಲು ಬಂದ ಸಹೋದ್ಯೋಗಿಗಳ ಮುಂದೆ ಅವನು, ತಾನು 14,000 ವರ್ಷಗಳಿಂದ ಬದುಕಿರುವ ಆದಿಮಾನವನೆಂದು ಹೇಳುತ್ತಾನೆ. ಜೀವವಿಜ್ಞಾನಿ, ಮಾನವಶಾಸ್ತ್ರಜ್ಞ, ಧರ್ಮಶ್ರದ್ಧೆಯುಳ್ಳ ಮಹಿಳೆ, ಮನೋವೈದ್ಯ ಎಲ್ಲರೂ ತಮ್ಮ ತಮ್ಮ ವಿದ್ಯೆಯಿಂದ ಅವನನ್ನು ಪರೀಕ್ಷಿಸುತ್ತಾರೆ. ಜೆರೋಮ್ ಬಿಕ್ಸ್‌ಬಿ ಈ ಚಿತ್ರಕತೆಯನ್ನು ಮುಗಿಸಿದ್ದು 1998ರಲ್ಲಿ, ತನ್ನ ಕೊನೆಯ ದಿನಗಳಲ್ಲಿ. ಚಿತ್ರ ಹೆಸರಾದದ್ದು ಅನಧಿಕೃತ ಪ್ರತಿಗಳ ಮೂಲಕ. ಹಂಚಿದವರಿಗೆ ನಿರ್ಮಾಪಕನೇ ಬಹಿರಂಗವಾಗಿ ಧನ್ಯವಾದ ಹೇಳಿದ್ದ. ದೃಶ್ಯಗಳು ಮಸುಕಾಗಿವೆ, ದೊಡ್ಡ ಪರದೆಯಲ್ಲಿ ಆ ಕೊರತೆ ಎದ್ದು ಕಾಣುತ್ತದೆ, ಕೊನೆಯ ತಿರುವನ್ನು ಒತ್ತಾಯದಿಂದ ತಂದಂತಿದೆ. ಆದರೂ ನಡುವಿನ ಒಂದು ಗಂಟೆಯ ಚರ್ಚೆಯಲ್ಲಿ ನಾನೂ ಆ ಒಲೆಯ ಮುಂದೆ ಕುಳಿತು ನನ್ನ ಪ್ರಶ್ನೆಯ ಸರದಿಗೆ ಕಾಯುತ್ತಿರುವಂತೆ ಅನಿಸಿತು. ಸಾಗಿಸುವವರು ಬಂದು ಪೀಠೋಪಕರಣಗಳನ್ನು ಹೊತ್ತೊಯ್ದು ಕೋಣೆ ಬರಿದಾಗುತ್ತಿದ್ದರೂ ಮಾತು ನಿಲ್ಲುವುದಿಲ್ಲ.

ಒಂದು ರಾತ್ರಿ ಈ ಚಿತ್ರವನ್ನು ಪರದೆಗೆ ಬೆನ್ನು ಮಾಡಿ ಅರ್ಧ ಗಂಟೆ ಬರೀ ಕೇಳಿದೆ. ಏನೂ ಕಳೆದುಹೋಗಲಿಲ್ಲ, ಒಳ್ಳೆಯ ರೇಡಿಯೋ ನಾಟಕದಂತೆ ಸಾಗಿತು. ‘ಲಾಕ್’ ಚಿತ್ರವನ್ನು ಹಾಗೆ ಕೇಳಿದಾಗ ನೆಗಡಿಯಷ್ಟೇ ಅಲ್ಲ, ಹೆದ್ದಾರಿಯ ದೀಪಗಳು ಅವನ ಮುಖದ ಮೇಲೆ ಹಾದುಹೋಗುವುದೂ ಬೇಕೆನಿಸಿತು. ‘ದಿ ಗಿಲ್ಟಿ’ಯಂತೂ ಪೂರ್ತಿ ಕಿವಿಯ ಚಿತ್ರವಾದ್ದರಿಂದ ಅದನ್ನು ಸುಲಭವಾಗಿ ಹಾಗೆ ಕೇಳಬಹುದೆಂದುಕೊಂಡಿದ್ದೆ. ಹತ್ತು ನಿಮಿಷವೂ ಆಗಲಿಲ್ಲ. ಕರೆ ಕಡಿದುಹೋದ ಸದ್ದು ಕೇಳಿದ ಕೂಡಲೇ ತಿರುಗಿ, ಕೆಂಪು ದೀಪದ ಪಕ್ಕದಲ್ಲಿ ಇನ್ನೂ ಕಿವಿಗೊಟ್ಟು ಕುಳಿತಿದ್ದ ಯಾಕೋಬ್ ಸೆಡರ್‌ಗ್ರೆನ್‌ನ ಮುಖವನ್ನು ನೋಡಿದೆ.