ಬೈಗುಳಕ್ಕೊಂದು ಪುಟ ಬೇಕೇ? ವಿಕಿಪೀಡಿಯಾದ ಅಳಿಸುವಿಕೆ ಚರ್ಚೆಯ ವಿಮರ್ಶೆ

ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಖಾತೆ ತೆರೆದು 4 ದಿನ ಕಳೆದು 10 ತಿದ್ದುಪಡಿ ಮುಗಿಸಿದವರು ಹೊಸ ಲೇಖನವನ್ನು ನೇರವಾಗಿ ಹಾಕಬಹುದು. ಹಾಗಾಗಿ ಹೊಸ ಬೈಗುಳವೊಂದು ಜಾಲತಾಣಗಳಲ್ಲಿ ಹರಿದಾಡತೊಡಗಿದರೆ ಅದರ ಹೆಸರಿನ ಪುಟ ಏಳುವುದಕ್ಕೆ ಹೆಚ್ಚು ಕಾಲ ಹಿಡಿಯುವುದಿಲ್ಲ. ಆ ಪುಟ ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸುವ ವ್ಯವಸ್ಥೆಯ ಹೆಸರು ‘ಆರ್ಟಿಕಲ್ಸ್ ಫಾರ್ ಡಿಲೀಷನ್’. ಅಲ್ಲಿ ಓಡಾಡುವವರ ಬಾಯಲ್ಲಿ ಎಎಫ್‌ಡಿ. ಬೈಗುಳದ ಮಟ್ಟಿಗೆ ಈ ಸೇವೆ ಹೇಗಿದೆ? ಅಳತೆಗೋಲು ಸರಿಯಾಗಿದೆ. ಚರ್ಚೆಗೆ ಬರುವವರಲ್ಲಿ ಅರ್ಧದಷ್ಟು ಜನರಾದರೂ ಅದನ್ನು ಓದಿಕೊಂಡು ಬಂದರೆ ಫಲಿತಾಂಶವೂ ಸರಿಯಾಗುತ್ತದೆ.

ಪದ ಕೊಳಕೇ, ಸಭ್ಯವೇ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ವಿಕಿಪೀಡಿಯಾ ಸೆನ್ಸಾರ್ ಮಾಡುವುದಿಲ್ಲ ಎಂಬುದು ಅದರ ಲಿಖಿತ ನೀತಿ. ‘ಇಂಥ ಅಸಹ್ಯಕ್ಕೆ ವಿಶ್ವಕೋಶದಲ್ಲಿ ಜಾಗವೇ?’ ಎಂದವರ ಮಾತಿಗೂ, ‘ನಮ್ಮ ಕಾಲೇಜಿನಲ್ಲಿ ಎಲ್ಲರೂ ಇದನ್ನೇ ಬಳಸುವುದು’ ಎಂದವರ ಮಾತಿಗೂ ಒಂದೇ ಬೆಲೆ, ಅಂದರೆ ಬೆಲೆಯೇ ಇಲ್ಲ. ನೋಡುವುದು ಒಂದನ್ನೇ: ಪದವನ್ನು ಬಳಸಿ ಬರೆದದ್ದಲ್ಲ, ಪದದ ಬಗ್ಗೆಯೇ ಬರೆದದ್ದು ಎಷ್ಟಿದೆ? ನಂಬಬಹುದಾದ, ಪದ ಹುಟ್ಟಿಸಿದವರಿಗೆ ಸಂಬಂಧವಿಲ್ಲದ ಮೂಲಗಳು ಅದರ ಹುಟ್ಟು, ಹರಡಿಕೆ, ಅದರಿಂದಾದ ಪರಿಣಾಮಗಳನ್ನು ವಿವರವಾಗಿ ಚರ್ಚಿಸಿರಬೇಕು. ಅದಿಲ್ಲದಿದ್ದರೆ ಪುಟದಲ್ಲಿ ಉಳಿಯುವುದು ಅರ್ಥ ಮತ್ತು ಉದಾಹರಣೆ ಮಾತ್ರ. ಅದು ನಿಘಂಟಿನ ಕೆಲಸ, ಅದಕ್ಕೆ ವಿಕ್ಷನರಿ ಇದೆ.

‘ಓಕೆ ಬೂಮರ್’ ಈ ಅಳತೆಗೋಲಿಗೆ ಒಳ್ಳೆಯ ಉದಾಹರಣೆ. ಹಿರಿಯ ತಲೆಮಾರಿನವರ ಬಾಯಿ ಮುಚ್ಚಿಸಲು ಹುಡುಗರು ಎಸೆಯುತ್ತಿದ್ದ ಎರಡು ಪದ. 2019ರ ಅಕ್ಟೋಬರ್ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದರ ಬಗ್ಗೆಯೇ ವರದಿ ಮಾಡಿತು. ನವೆಂಬರ್‌ನಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ ಹವಾಮಾನ ಮಸೂದೆಯ ಮೇಲೆ ಮಾತಾಡುತ್ತಿದ್ದ ಯುವ ಸಂಸದೆ ಕ್ಲೋಯಿ ಸ್ವಾರ್‌ಬ್ರಿಕ್, ನಡುವೆ ಬಾಯಿ ಹಾಕಿದ ಸದಸ್ಯರೊಬ್ಬರಿಗೆ ಇದೇ ಉತ್ತರ ಕೊಟ್ಟರು. 2020ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ವಯಸ್ಸಿನ ತಾರತಮ್ಯದ ಪ್ರಕರಣದ ವಾದ ಕೇಳುತ್ತಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಕೆಲಸಕ್ಕೆ ಆಯ್ಕೆ ಮಾಡುವವರು ಒಮ್ಮೆ ಹೀಗಂದರೆ ಅದು ತಾರತಮ್ಯವಾಗುತ್ತದೆಯೇ ಎಂದು ಕೇಳಿದರು. ಪತ್ರಿಕೆ, ಸಂಸತ್ತು, ನ್ಯಾಯಾಲಯ ಮೂರೂ ಬಂದ ಮೇಲೆ ಬರೆಯುವುದಕ್ಕೆ ಪದದ ಅರ್ಥಕ್ಕಿಂತ ದೊಡ್ಡ ಸಂಗತಿ ಸಿಕ್ಕಿತು. ದರ್ಪದಿಂದ ಇತರರ ಮೇಲೆ ಹರಿಹಾಯುವ ಬಿಳಿಯ ಮಹಿಳೆಯನ್ನು ಹೀಯಾಳಿಸುವ ‘ಕ್ಯಾರೆನ್’ ಕೂಡ ಹೀಗೆಯೇ ಗಟ್ಟಿಯಾಯಿತು. ಜನಾಂಗದ ಕಾರಣಕ್ಕೆ ಸುಳ್ಳು ತುರ್ತು ಕರೆ ಮಾಡುವುದರ ವಿರುದ್ಧ ಸ್ಯಾನ್‌ಫ್ರಾನ್ಸಿಸ್ಕೊ 2020ರಲ್ಲಿ ತಂದ ಕಾನೂನಿಗೆ, ಅದೇ ಉಚ್ಚಾರ ಬರುವಂತೆ ಹೆಸರಿಟ್ಟರು.

ಇನ್ನು ಸೇವೆಯನ್ನು ಬಳಸುವ ಬಗೆ. ಪುಟವನ್ನು ಚರ್ಚೆಗೆ ಹಾಕುವ ಮುಂಚೆ ಕನಿಷ್ಠ ಸಾಮಾನ್ಯ ಗೂಗಲ್, ಗೂಗಲ್ ಬುಕ್ಸ್, ಗೂಗಲ್ ಸುದ್ದಿ, ಸುದ್ದಿ ಸಂಗ್ರಹ ನಾಲ್ಕನ್ನೂ ಹುಡುಕಬೇಕೆಂಬ ನಿರೀಕ್ಷೆಯಿದೆ. ಬೈಗುಳವನ್ನು ಬರಿದೇ ಹುಡುಕಿದರೆ ಬಳಕೆಗಳ ರಾಶಿಯೇ ಬೀಳುತ್ತದೆ; ಪದದ ಜೊತೆಗೆ ‘ಮೂಲ’, ‘ನಿಂದೆ’, ‘ಪದಪ್ರಯೋಗ’ ಎಂಬರ್ಥದ ಇಂಗ್ಲಿಷ್ ಪದಗಳನ್ನೂ ಸೇರಿಸಿ ಹುಡುಕಿದರೆ ಪದದ ಬಗೆಗಿನ ಬರಹ ಮೇಲೆ ಬರುತ್ತದೆ. ಆಮೇಲೆ ಮೂರು ಕೆಲಸ: ಲೇಖನದ ತಲೆಗೆ ಸೂಚನೆ ಅಂಟಿಸುವುದು, ಕಾರಣ ಬರೆದು ಚರ್ಚಾಪುಟ ತೆರೆಯುವುದು, ಅದನ್ನು ಆ ದಿನದ ಪಟ್ಟಿಗೆ ಸೇರಿಸುವುದು. ಕೈಯಲ್ಲಿ ಮಾಡಿದರೆ ಮೂರನೆಯದನ್ನು ಮರೆಯುವವರು ಬಹಳ, ಆಗ ಚರ್ಚೆ ಯಾರ ಕಣ್ಣಿಗೂ ಬೀಳದೆ ಹಾಗೇ ಕೂರಬಹುದು. ಟ್ವಿಂಕಲ್ ಎಂಬ ಉಪಕರಣ ಮೂರನ್ನೂ ಒಂದೇ ಗುಂಡಿಯಲ್ಲಿ ಮುಗಿಸುತ್ತದೆ. ಅದನ್ನೇ ಬಳಸಿ.

ಚರ್ಚೆಯ ಅವಧಿ ಸಾಮಾನ್ಯವಾಗಿ 7 ದಿನ. ಅಭಿಪ್ರಾಯ ಸಾಲದಿದ್ದರೆ ಇನ್ನೊಂದು ವಾರ ಮುಂದಕ್ಕೆ ಹಾಕುತ್ತಾರೆ. ತಲೆ ಎಣಿಸುವ ಮತದಾನ ಇದಲ್ಲ. ಚರ್ಚೆಯಲ್ಲಿ ಭಾಗವಹಿಸದ ಒಬ್ಬರು ಕೊನೆಗೆ ವಾದಗಳನ್ನು ತೂಗಿ ಮುಗಿಸುತ್ತಾರೆ. ‘ಉಳಿಸಿ, ಪ್ರಸಿದ್ಧ ಪದ’ ಎಂದು ಇಪ್ಪತ್ತು ಜನ ಬರೆದರೂ, ‘ಈ ಮೂರು ಲೇಖನಗಳು ಪದದ ಇತಿಹಾಸವನ್ನೇ ಚರ್ಚಿಸುತ್ತವೆ, ಕೊಂಡಿ ಇಲ್ಲಿದೆ’ ಎಂದು ಬರೆದ ಒಬ್ಬರ ಸಾಲು ಹೆಚ್ಚು ತೂಗಬೇಕು. ಗೂಗಲ್‌ನಲ್ಲಿ ಎಷ್ಟು ಫಲಿತಾಂಶ ಬಂತು ಎಂಬುದು ವಾದವಲ್ಲ. ಅರ್ಬನ್ ಡಿಕ್ಷನರಿ ಮೂಲವಲ್ಲ, ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ‘ನೀವು ತಿಳಿದಿರಬೇಕಾದ ಹತ್ತು ಹೊಸ ಪದಗಳು’ ಮಾದರಿಯ ಪಟ್ಟಿಗಳಲ್ಲಿ ಎರಡು ಸಾಲು ಬಂದದ್ದೂ ಸಾಲದು.

ಎಡವುವುದು ಎಲ್ಲಿ? ಮೊದಲನೆಯದು ಹೊತ್ತು. ಪದ ಸುದ್ದಿಯಲ್ಲಿರುವ ವಾರವೇ ಚರ್ಚೆ ನಡೆದರೆ ಎಲ್ಲ ಪತ್ರಿಕೆಯಲ್ಲೂ ಅದೇ ಇರುತ್ತದೆ, ಆರು ತಿಂಗಳಾದ ಮೇಲೆ ಅದರ ಸುಳಿವೇ ಇರುವುದಿಲ್ಲ. ಎರಡನೆಯದು, ಹೊರಗಿನಿಂದ ಜನ ಕರೆತರುವುದು. ಬೈಗುಳ ರಾಜಕೀಯದ್ದಾಗಿದ್ದರೆ ಎರಡೂ ಪಾಳಯದವರು ಹೊಸ ಖಾತೆ ತೆರೆದು ನುಗ್ಗುತ್ತಾರೆ. ಅವರ ಹೆಸರಿನ ಪಕ್ಕದಲ್ಲಿ ‘ಬೇರೆಲ್ಲೂ ತಿದ್ದುಪಡಿ ಮಾಡಿಲ್ಲ’ ಎಂದು ಗುರುತು ಹಾಕುತ್ತಾರೆ, ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಉದಾಹರಣೆಯ ನೆಪದಲ್ಲಿ ಬದುಕಿರುವವರ ಹೆಸರು ತುರುಕುವುದು. ಒಬ್ಬರನ್ನು ಹೀಯಾಳಿಸಲೆಂದೇ ಮಾಡಿದ ಪುಟಕ್ಕೆ ಏಳು ದಿನದ ಚರ್ಚೆಯೂ ಬೇಕಿಲ್ಲ, ನಿರ್ವಾಹಕರು ಕೂಡಲೇ ಅಳಿಸಬಹುದು. ಉಳಿದುಕೊಂಡ ಪುಟಗಳಿಗೂ ಇಂಥ ಕಾಟ ತಪ್ಪುವುದಿಲ್ಲ, ಹೊಸ ಖಾತೆಯವರು ಕೆಡಿಸದಂತೆ ಅವುಗಳನ್ನು ಕಾಯಬೇಕಾಗುತ್ತದೆ.

ಕಠಿಣ ಪ್ರಕರಣವೆಂದರೆ ‘ಸ್ಯಾಂಟೋರಮ್’. ಸಲಿಂಗಿಗಳ ವಿರುದ್ಧ ಮಾತಾಡಿದ ಅಮೆರಿಕದ ಸೆನೆಟರ್ ರಿಕ್ ಸ್ಯಾಂಟೋರಮ್ ಅವರ ಹೆಸರಿಗೆ 2003ರಲ್ಲಿ ಅಂಕಣಕಾರ ಡ್ಯಾನ್ ಸ್ಯಾವೇಜ್ ಓದುಗರಿಂದಲೇ ಒಂದು ಅಶ್ಲೀಲ ಅರ್ಥ ಕಟ್ಟಿಸಿ ಹಬ್ಬಿಸಿದರು. ಪದ ತಾನಾಗಿ ಬೆಳೆದದ್ದಲ್ಲ, ಆದರೆ ಆ ಅಭಿಯಾನದ ಬಗ್ಗೆ ಬರೆದದ್ದು ಬೇಕಾದಷ್ಟಿತ್ತು. 2011ರಲ್ಲಿ ಪುಟದ ಶೀರ್ಷಿಕೆಯನ್ನೇ ಬದಲಿಸಿ ಅದನ್ನು ಪದದ ಪುಟದಿಂದ ಅಭಿಯಾನದ ಪುಟವಾಗಿಸಿದರು. ಅದು ಸರಿಯಾದ ನಿರ್ಧಾರ. ಪದ ನಿಲ್ಲದಿದ್ದರೂ ಅದರ ಸುತ್ತಲಿನ ಘಟನೆ ನಿಲ್ಲುತ್ತದೆ ಎನ್ನುವ ಸಾಧ್ಯತೆಯನ್ನು ಚರ್ಚೆಯಲ್ಲಿ ಬಹಳ ಜನ ಎತ್ತುವುದೇ ಇಲ್ಲ.

ಉಳಿಸು–ಅಳಿಸು ಎರಡೇ ದಾರಿ ಎಂದುಕೊಂಡಿರುವುದೂ ತಪ್ಪು. ದೊಡ್ಡ ಲೇಖನಕ್ಕೆ ವಿಲೀನ ಮಾಡಬಹುದು, ಅಥವಾ ಶೀರ್ಷಿಕೆಯನ್ನು ಅಲ್ಲಿಗೆ ಮರುನಿರ್ದೇಶಿಸಬಹುದು, ಅಂದರೆ ಅದನ್ನು ತೆರೆದವರು ನೇರವಾಗಿ ಆ ಲೇಖನಕ್ಕೇ ಹೋಗುವಂತೆ ಮಾಡಬಹುದು. ಅಳಿಸಿದರೆ ಹಳೆಯ ಆವೃತ್ತಿಗಳು ನಿರ್ವಾಹಕರಿಗೆ ಮಾತ್ರ ಕಾಣುತ್ತವೆ. ಮರುನಿರ್ದೇಶಿಸಿದರೆ ಎಲ್ಲ ಇತಿಹಾಸ ಪುಟದ ಹಿಂದೆಯೇ ಇರುತ್ತದೆ, ನಾಳೆ ಒಳ್ಳೆಯ ಮೂಲ ಸಿಕ್ಕರೆ ಅಲ್ಲಿಂದಲೇ ಮುಂದುವರಿಸಬಹುದು. ಗಡಿಯಲ್ಲಿರುವ ಬೈಗುಳಕ್ಕೆ ನಮ್ಮ ಶಿಫಾರಸು ಇದೇ. ತೀರ್ಪು ತಪ್ಪೆನಿಸಿದರೆ ‘ಡಿಲೀಷನ್ ರಿವ್ಯೂ’ಗೆ ಹೋಗಬಹುದು, ಆದರೆ ಅಲ್ಲಿ ಹಳೆಯ ವಾದವನ್ನೇ ಮತ್ತೆ ಹೂಡಿದರೆ ಉಪಯೋಗವಿಲ್ಲ. ಮುಗಿಸಿದ ರೀತಿಯಲ್ಲಿ ಲೋಪ ತೋರಿಸಬೇಕು, ಇಲ್ಲವೇ ಹೊಸ ಮೂಲ ತರಬೇಕು.

ಕನ್ನಡದ ಬೈಗುಳಗಳಿಗೆ ಇದೇ ಅಳತೆ ಹಿಡಿದರೆ ತೊಡಕು ಬೇರೆ. ‘ಬೇವರ್ಸಿ’ಯನ್ನೇ ತೆಗೆದುಕೊಳ್ಳಿ. ವಾರಸುದಾರನಿಲ್ಲದವನು ಎಂಬರ್ಥದ ‘ಬೇವಾರಿಸ್’ನಿಂದ ಬಂದು, ಕನ್ನಡ–ತುಳು ಎರಡರಲ್ಲೂ ಬೇರೂರಿದ ಪದ. ನಿಘಂಟಿನ ಮಟ್ಟಿಗೆ ಇಷ್ಟು ಸಾಕು. ವಿಶ್ವಕೋಶಕ್ಕೆ ಸಾಲದು, ಯಾಕೆಂದರೆ ನಿಘಂಟಿನ ಒಂದು ಸಾಲನ್ನು ವಿವರವಾದ ಚರ್ಚೆ ಎಂದು ಒಪ್ಪುವುದಿಲ್ಲ. ಬೇಕಾದದ್ದು ಪದದ ಹುಟ್ಟು–ಬಳಕೆಯನ್ನು ಬಿಡಿಸಿ ಹೇಳುವ ಬರಹ: ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ‘ಇಗೋ ಕನ್ನಡ’ದಂಥ ಅಂಕಣ, ಉಪಭಾಷೆಗಳ ಮೇಲಿನ ಪಿಎಚ್‌ಡಿ ಪ್ರಬಂಧ, ಪದದ ಮೇಲೆ ನಡೆದ ಮೊಕದ್ದಮೆಯ ವರದಿ. ಇವುಗಳಲ್ಲಿ ಬಹುಪಾಲು ಜಾಲದಲ್ಲಿ ಸಿಗುವುದಿಲ್ಲ. ಮೂಲ ಜಾಲದಲ್ಲೇ ಇರಬೇಕೆಂಬ ನಿಯಮ ವಿಕಿಪೀಡಿಯಾದಲ್ಲಿ ಇಲ್ಲ, ಇಂಗ್ಲಿಷಿನಲ್ಲೇ ಇರಬೇಕೆಂದೂ ಇಲ್ಲ. ಗ್ರಂಥಾಲಯದ ಪುಸ್ತಕದ ಹೆಸರು, ಪುಟಸಂಖ್ಯೆ, ಪ್ರಕಟಣೆಯ ವರ್ಷ ಬರೆದು, ಆ ಭಾಗದ ಎರಡು ಮೂರು ಸಾಲನ್ನು ಅನುವಾದದೊಂದಿಗೆ ಚರ್ಚಾಪುಟದಲ್ಲಿ ಕೊಡಿ. ಕನ್ನಡ ಓದಲು ಬಾರದ ಸಂಪಾದಕರು ಪುಟವನ್ನು ಅಳಿಸಲು ಹೊರಟಾಗ ತಡೆಯುವ ಶಕ್ತಿ ಇರುವುದು ಇದಕ್ಕೆ. ಅಂಥ ಒಂದೂ ಮೂಲ ಸಿಗದಿದ್ದರೆ ಲೇಖನ ಹಾಕಬೇಡಿ. ಪದವನ್ನು ಬಳಕೆಯ ಉದಾಹರಣೆಗಳೊಂದಿಗೆ ಕನ್ನಡ ವಿಕ್ಷನರಿಗೆ ಸೇರಿಸಿ.